ಜನರಲ್ ಕೊಟ್ಟ ಚೀಟಿ



ಬಿ.ಎ. ಇತಿಹಾಸದ ಗೈಡುಗಳಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ಸಿಕ್ಕುವುದು ಹೆಚ್ಚೆಂದರೆ ಒಂದೂವರೆ ಪುಟ. 1861ರಲ್ಲಿ ಶುರುವಾಯ್ತು, 1865ರಲ್ಲಿ ಮುಗೀತು, ಲಿಂಕನ್ ಗುಲಾಮರನ್ನ ಬಿಡಿಸಿದ, ಅವನನ್ನ ಗುಂಡಿಟ್ಟು ಕೊಂದರು. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಬಿಡುಗಡೆಯಾದ ಸುಮಾರು ನಲವತ್ತು ಲಕ್ಷ ಜನ ಮರುದಿನ ಬೆಳಗ್ಗೆ ಏನು ಉಂಡರು, ಯಾರ ಹೊಲದಲ್ಲಿ ನಿಂತರು, ಯಾವ ಸೂರಿನ ಕೆಳಗೆ ಮಲಗಿದರು ಅಂತ ಯಾವ ಗೈಡೂ ಕೇಳೋದಿಲ್ಲ. ನಮಗೆ ಬೇಕಾಗಿರೋದು ಆ ಮರುದಿನದ ಕಥೆ. ಅದನ್ನ ಹೇಳಬೇಕಾದರೆ ಒಬ್ಬ ಸೇನಾಪತಿಯ ಜೀವನವನ್ನ ಹಿಡಿದು ಹೋಗಬೇಕು. ಅವನ ಹೆಸರು ವಿಲಿಯಂ ಟೆಕಮ್ಸೆ ಶೆರ್ಮನ್.

ಸೇನಾಪತಿಗಳ ಚರಿತ್ರೆ ನಮಗ್ಯಾಕೆ, ಅದೆಲ್ಲ ಭಟ್ಟಂಗಿಗಳ ಕೆಲಸ ಅಂತ ಕೆಲವರು ಮೂಗು ಮುರಿಯಬಹುದು. ಮುರೀಲಿ. ಈ ಸೇನಾಪತಿಯ ಒಂದು ಸಹಿಯಿಂದ ನಲವತ್ತು ಸಾವಿರ ಕಪ್ಪು ಜನ ಕೆಲವು ತಿಂಗಳ ಮಟ್ಟಿಗೆ ನೆಲ ಹಿಡಿದು ನಿಂತರು. ಆಮೇಲೆ ಆ ನೆಲ ಹೋಯ್ತು. ಯಾಕೆ ಹೋಯ್ತು ಅನ್ನೋದು, ಸಾಗುವಳಿ ಚೀಟಿ, ಪಹಣಿ, ಖಾತೆ ಅಂತ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಅಪ್ಪಂದಿರ ಮಕ್ಕಳಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತೆ.

ಶೆರ್ಮನ್ ಹುಟ್ಟಿದ್ದು 1820ರಲ್ಲಿ, ಒಹಾಯೋ ರಾಜ್ಯದ ಲ್ಯಾಂಕಸ್ಟರ್ ಎಂಬ ಊರಲ್ಲಿ. ಅಪ್ಪ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ. ಟೆಕಮ್ಸೆ ಅನ್ನೋದು ಬಿಳಿಯರ ಹೆಸರಲ್ಲ. ತಮ್ಮ ನೆಲಕ್ಕೆ ನುಗ್ಗಿದ ಬಿಳಿಯರ ವಿರುದ್ಧ ಹಲವು ಬುಡಕಟ್ಟುಗಳನ್ನ ಒಂದುಗೂಡಿಸಿ, 1813ರಲ್ಲಿ ಹೋರಾಡುತ್ತಲೇ ಸತ್ತ ಶಾವ್ನಿ ಜನರ ನಾಯಕನ ಹೆಸರು ಅದು. ನೆಲ ಕಿತ್ತುಕೊಂಡವರು ಹೆಸರನ್ನೂ ಎತ್ತಿಕೊಂಡು ಬಂದು ಮಗನಿಗಿಟ್ಟರು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹುಡುಗನಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಮನೆ ತುಂಬ ಹನ್ನೊಂದು ಮಕ್ಕಳು. ಥಾಮಸ್ ಯೂಯಿಂಗ್ ಎಂಬ ನೆರೆಮನೆಯ ದೊಡ್ಡ ರಾಜಕಾರಣಿ ಇವನನ್ನ ಸಾಕಿದ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಸೇರಿಸಿದ. 1840ರಲ್ಲಿ ಅಲ್ಲಿಂದ ಹೊರಬಿದ್ದವನು ಹದಿಮೂರು ವರ್ಷ ಸೈನ್ಯದಲ್ಲಿದ್ದೂ ಹೆಸರು ಮಾಡಲಿಲ್ಲ. ಮೆಕ್ಸಿಕೋ ಮೇಲಿನ ಯುದ್ಧದಲ್ಲಿ ಜೊತೆಯವರೆಲ್ಲ ಪದಕ ಗಳಿಸುತ್ತಿದ್ದಾಗ ಇವನು ಕ್ಯಾಲಿಫೋರ್ನಿಯಾದಲ್ಲಿ ಕಾಗದಪತ್ರ ನೋಡಿಕೊಂಡಿದ್ದ. 1853ರಲ್ಲಿ ಕೆಲಸ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾಂಕ್ ನಡೆಸಿದ, ಅದೂ ಮುಚ್ಚಿತು. ಕೊನೆಗೆ 1859ರಲ್ಲಿ ದಕ್ಷಿಣದ ಲೂಸಿಯಾನಾ ರಾಜ್ಯದ ಒಂದು ಸೈನಿಕ ಶಾಲೆಗೆ ಮುಖ್ಯಸ್ಥನಾಗಿ ಸೇರಿದ.

ಲೂಸಿಯಾನಾ ಅಂದರೆ ಗುಲಾಮಗಿರಿಯ ನಾಡು. ಕಬ್ಬಿನ ಗದ್ದೆ, ಹತ್ತಿ ಹೊಲ, ಚಾವಟಿ, ಹರಾಜು ಕಟ್ಟೆ. ಶೆರ್ಮನ್ ಅದರ ನಡುವೆ ನೆಮ್ಮದಿಯಾಗಿದ್ದ. ಗುಲಾಮಗಿರಿ ತೆಗೆಯೋ ಅಧಿಕಾರ ತನ್ನ ಕೈಗೆ ಬಂದರೂ ತೆಗೆಯಲಾರೆ ಅಂತ ಆ ದಿನಗಳಲ್ಲಿ ತನ್ನ ಕಡೆಯವರಿಗೆ ಕಾಗದ ಬರೆದ. ಮನುಷ್ಯರನ್ನ ದನದಂತೆ ಮಾರೋದು ಅವನಿಗೆ ಸಿಟ್ಟು ತರಿಸಲಿಲ್ಲ. ದಕ್ಷಿಣದವರು ದೇಶ ಒಡೆದದ್ದು ಸಿಟ್ಟು ತರಿಸಿತು. 1861ರ ಜನವರಿಯಲ್ಲಿ ಲೂಸಿಯಾನಾ ಒಕ್ಕೂಟ ಬಿಟ್ಟು ಹೊರಟಾಗ ರಾಜೀನಾಮೆ ಕೊಟ್ಟು ಉತ್ತರಕ್ಕೆ ಬಂದ. ಯುದ್ಧದಲ್ಲಿ ಅವನು ನಿಂತ ಪಕ್ಷ ನಮ್ಮ ಪಕ್ಷ, ನಿಂತ ಕಾರಣ ಮಾತ್ರ ನಮ್ಮದಲ್ಲ.

ಶುರುವಿನಲ್ಲಿ ಇಲ್ಲೂ ಸೋಲೇ. 1861ರ ಜುಲೈನಲ್ಲಿ ಬುಲ್ ರನ್ ಕಾಳಗದಲ್ಲಿ ಉತ್ತರದ ಸೈನ್ಯ ದಿಕ್ಕೆಟ್ಟು ಓಡಿತು, ಅದರೊಳಗೆ ಇವನೂ ಇದ್ದ. ಕೆಂಟಕಿಗೆ ಹಾಕಿದರೆ ಅಲ್ಲಿ ಶತ್ರುಗಳ ಸಂಖ್ಯೆಯನ್ನ ಭೂತದಂತೆ ಕಂಡು ನಿದ್ದೆಗೆಟ್ಟ. ಪತ್ರಿಕೆಗಳು ಶೆರ್ಮನ್ನನಿಗೆ ಹುಚ್ಚು ಅಂತ ಬರೆದವು. ಮನೆಗೆ ಹೋಗಿ ಸುಧಾರಿಸಿಕೊಂಡು ಬಂದವನ ಕೈ ಹಿಡಿದದ್ದು ಗ್ರಾಂಟ್. 1862ರ ಏಪ್ರಿಲ್‌ನಲ್ಲಿ ಶೈಲೋದಲ್ಲಿ ಎರಡು ದಿನದ ಕಾಳಗ. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23 ಸಾವಿರಕ್ಕೂ ಮೇಲೆ. ಶೆರ್ಮನ್ ಕೈಗೆ ಗುಂಡು ತಿಂದೂ ಜಾಗ ಬಿಡಲಿಲ್ಲ. ಮುಂದೆ 1863ರಲ್ಲಿ ವಿಕ್ಸ್‌ಬರ್ಗ್, ಚಟನೂಗ. 1864ರಲ್ಲಿ ಗ್ರಾಂಟ್ ಇಡೀ ಸೈನ್ಯದ ಮುಖ್ಯಸ್ಥನಾಗಿ ಪೂರ್ವಕ್ಕೆ ಹೋದಾಗ ಪಶ್ಚಿಮದ ಸೈನ್ಯಗಳು ಶೆರ್ಮನ್ ಕೈಗೆ ಬಂದವು. ಅದೇ ಸೆಪ್ಟೆಂಬರ್ 2ರಂದು ಅಟ್ಲಾಂಟಾ ನಗರ ಬಿತ್ತು. ಸೋಲ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದ ಲಿಂಕನ್ ನವೆಂಬರ್ ಚುನಾವಣೆಯಲ್ಲಿ ಗೆದ್ದ.

ಆಮೇಲೆ ನಡೆದದ್ದು ಯುದ್ಧವಿದ್ಯೆಯ ಪುಸ್ತಕಗಳಲ್ಲಿ ಇವತ್ತಿಗೂ ಇರೋ ದಂಡಯಾತ್ರೆ. 1864ರ ನವೆಂಬರ್ 15ಕ್ಕೆ ಸುಮಾರು 60 ಸಾವಿರ ಸೈನಿಕರೊಂದಿಗೆ ಅಟ್ಲಾಂಟಾ ಬಿಟ್ಟು, ಹಿಂದಿನಿಂದ ಬರೋ ರೇಷನ್ ಸಾಲನ್ನ ಕೈಯಾರೆ ಕಡಿದುಕೊಂಡು, ಜಾರ್ಜಿಯಾ ರಾಜ್ಯದ ಹೊಟ್ಟೆ ಸೀಳಿಕೊಂಡು ಸಮುದ್ರದ ಕಡೆ ನಡೆದ. ಮುನ್ನೂರು ಮೈಲಿ. ಯಾವ ಜಿಲ್ಲೆಯಲ್ಲಿ ಎಷ್ಟು ದವಸ, ಎಷ್ಟು ದನ ಅಂತ 1860ರ ಜನಗಣತಿಯ ಪಟ್ಟಿ ನೋಡಿ ದಾರಿ ಹಾಕಿದ್ದ. ಧಣಿಗಳ ಕಣಜ ತೆಗೆಸಿ ಸೈನ್ಯಕ್ಕೆ ಉಣಿಸಿದ. ರೈಲು ಕಂಬಿಗಳನ್ನ ಕಿತ್ತು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರಕ್ಕೆ ಸುತ್ತಿ ತಿರುಚಿದರು. ಹತ್ತು ಕೋಟಿ ಡಾಲರ್ ನಷ್ಟ ಮಾಡಿದ್ದೇನೆ, ಅದರಲ್ಲಿ ಎಂಟು ಕೋಟಿ ಬರೀ ಹಾಳುಗೆಡವಿದ್ದು ಅಂತ ವರದಿಯಲ್ಲಿ ತಾನೇ ಬರೆದ. ಡಿಸೆಂಬರ್ 21ಕ್ಕೆ ಕಡಲ ತೀರದ ಸವಾನಾ ನಗರ ಅವನ ಕೈಸೇರಿತು. ಲಿಂಕನ್‌ಗೆ ತಂತಿ ಕಳಿಸಿದ: ಈ ಊರು ನಿಮಗೆ ಕ್ರಿಸ್‌ಮಸ್ ಉಡುಗೊರೆ.

ಧಣಿಗಳ ಸೊಕ್ಕು ಮುರಿದದ್ದು ಈ ನಡಿಗೆ, ಅದನ್ನ ಯಾರೂ ಅಲ್ಲಗಳೆಯೋ ಹಾಗಿಲ್ಲ. ಆದರೆ ಸೈನ್ಯದ ಹಿಂದೆ ಇನ್ನೊಂದು ಸಾಲು ನಡೀತಿತ್ತು. ಅದು ಯುದ್ಧದ ನಕ್ಷೆಗಳಲ್ಲಿ ಕಾಣೋದಿಲ್ಲ. ಹೆಂಗಸರು, ಮುದುಕರು, ಸೊಂಟದ ಮೇಲೆ ಕೂಸು, ತಲೆ ಮೇಲೆ ಗಂಟು. ಸೈನ್ಯ ಯಾವ ಹೊಲ ದಾಟಿತೋ ಆ ಹೊಲದ ಗುಲಾಮರು ಗುದ್ದಲಿ ಬಿಸಾಕಿ ಹಿಂದೆ ಬಂದರು, ಸಾವಿರ ಸಾವಿರ. ಧಣಿ ಎಲ್ಲಿ ದವಸ ಹೂತಿದ್ದಾನೆ ಅಂತ ತೋರಿಸಿದವರು ಅವರು. ದಾರಿ ಹೇಳಿದವರು, ಕೆಸರಿಗೆ ಮರ ಹಾಸಿ ರಸ್ತೆ ಮಾಡಿದವರು ಅವರು. ಶೆರ್ಮನ್‌ಗೆ ಬೇಕಾಗಿದ್ದು ಕೂಲಿಗೆ ಬರೋ ಗಟ್ಟಿ ಹುಡುಗರು ಮಾತ್ರ. ಉಳಿದವರು ಅವನ ಲೆಕ್ಕದಲ್ಲಿ ತಿನ್ನೋ ಬಾಯಿಗಳು. ಹಿಂದೆ ಬರಬೇಡಿ, ಇದ್ದಲ್ಲೇ ಇರಿ ಅಂತ ದಾರಿಯುದ್ದಕ್ಕೂ ಹೇಳಿದ. ಎಲ್ಲಿರಬೇಕು ಸ್ವಾಮಿ, ಸುಟ್ಟ ಕಣಜದ ಪಕ್ಕ, ಸಿಟ್ಟಿಗೆದ್ದ ಧಣಿಯ ಅಂಗಳದಲ್ಲಾ? ಉತ್ತರದ ಸೈನ್ಯಕ್ಕೆ ಒಂದು ಲಕ್ಷ ಎಂಬತ್ತು ಸಾವಿರದಷ್ಟು ಕಪ್ಪು ಸೈನಿಕರು ಸೇರಿದ್ದರು. ಆದರೆ ತನ್ನ ಪಡೆಯಲ್ಲಿ ಅವರ ಕೈಗೆ ಕೋವಿ ಕೊಡೋಕೆ ಇವನು ಒಪ್ಪಲಿಲ್ಲ, ಲಿಂಕನ್ನನ ಸರ್ಕಾರ ಒತ್ತಿ ಹೇಳಿದರೂ.

1864ರ ಡಿಸೆಂಬರ್ 9. ಸವಾನಾ ಹತ್ತಿರದ ಎಬೆನೀಜರ್ ಹಳ್ಳ. ಚಳಿಗಾಲ, ಹಳ್ಳ ತುಂಬಿ ಹರೀತಿತ್ತು. ಶೆರ್ಮನ್ನನ ಕೈಕೆಳಗಿನ ಜನರಲ್ ಜೆಫರ್ಸನ್ ಸಿ. ಡೇವಿಸ್ (ದಕ್ಷಿಣದವರ ಅಧ್ಯಕ್ಷನ ಹೆಸರೂ ಇದೇ, ಇವನು ಬೇರೆ, ಉತ್ತರದವನೇ) ತೇಲು ಸೇತುವೆ ಹಾಕಿಸಿ ತನ್ನ ಪಡೆಯನ್ನ ದಾಟಿಸಿದ. ಹಿಂದೆ ಬರ್ತಿದ್ದ ಕಪ್ಪು ಜನರನ್ನ ದಡದಲ್ಲಿ ತಡೆದು ನಿಲ್ಲಿಸಿದ್ದರು, ಸೈನ್ಯ ಹೋಗಲಿ ಆಮೇಲೆ ನೀವು ಅಂತ. ಕೊನೆಯ ಸೈನಿಕ ದಾಟಿದ ಕೂಡಲೆ ಸೇತುವೆ ಕಿತ್ತರು. ಬೆನ್ನ ಹಿಂದೆ ದಕ್ಷಿಣದ ಕುದುರೆ ದಂಡು, ಮುಂದೆ ನೀರು. ಜನ ನೀರಿಗೆ ಹಾರಿದರು. ಈಚೆ ದಡದ ಕೆಲವು ಸೈನಿಕರು ತಡೆಯಲಾರದೆ ಮರದ ದಿಮ್ಮಿ ಎಸೆದು ಒಂದಷ್ಟು ಜೀವ ಉಳಿಸಿದರು ಅನ್ನೋದನ್ನೂ ಹೇಳಬೇಕು. ಉಳಿದವರಲ್ಲಿ ಮುಳುಗಿದವರು ಮುಳುಗಿದರು, ಸಿಕ್ಕಿಬಿದ್ದವರು ಮತ್ತೆ ಗುಲಾಮಗಿರಿಗೆ ಹೋದರು. ಮುಳುಗಿದವರ ಹೆಸರನ್ನ ಯಾರೂ ಬರೆದಿಡಲಿಲ್ಲ. ಶೆರ್ಮನ್ ಡೇವಿಸ್ಸನ ಬೆನ್ನಿಗೆ ನಿಂತ; ಸೈನ್ಯದ ಅಗತ್ಯ, ಅಷ್ಟೇ ಅಂದ.

ಈ ಸುದ್ದಿ ವಾಷಿಂಗ್ಟನ್ ಮುಟ್ಟಿತು. ಯುದ್ಧಮಂತ್ರಿ ಸ್ಟಾಂಟನ್ ಜನವರಿಯಲ್ಲಿ ತಾನೇ ಸವಾನಾಕ್ಕೆ ಬಂದ. 1865ರ ಜನವರಿ 12ರ ರಾತ್ರಿ, ಜನರಲ್ ಇಳಿದುಕೊಂಡಿದ್ದ ದೊಡ್ಡ ಮನೆಯ ಮಾಳಿಗೆಗೆ ಆ ಊರಿನ ಇಪ್ಪತ್ತು ಮಂದಿ ಕಪ್ಪು ಪಾದ್ರಿಗಳನ್ನ, ಚರ್ಚಿನ ಹಿರಿಯರನ್ನ ಕರೆಸಿದರು. ಇವರಲ್ಲಿ ಹೆಚ್ಚಿನವರು ಗುಲಾಮರಾಗಿದ್ದವರೇ. ತಮ್ಮ ಪರವಾಗಿ ಮಾತಾಡಲು ಅವರು ಆರಿಸಿಕೊಂಡದ್ದು ಗ್ಯಾರಿಸನ್ ಫ್ರೇಜಿಯರ್ ಎಂಬ 67 ವರ್ಷದ ಹಿರಿಯನನ್ನ. ಎಂಟು ವರ್ಷದ ಹಿಂದೆ ಸಾವಿರ ಡಾಲರಿನ ಚಿನ್ನ ಬೆಳ್ಳಿ ಎಣಿಸಿ, ತನ್ನನ್ನೂ ತನ್ನ ಹೆಂಡತಿಯನ್ನೂ ತಾನೇ ಕೊಂಡುಕೊಂಡಿದ್ದ ಮನುಷ್ಯ ಅವನು.

ಮಂತ್ರಿ ಒಂದೊಂದಾಗಿ ಪ್ರಶ್ನೆ ಕೇಳಿದ, ಗುಮಾಸ್ತ ಬರೆದುಕೊಂಡ. ಗುಲಾಮಗಿರಿ ಅಂದರೇನು? ಇನ್ನೊಬ್ಬನ ದುಡಿಮೆಯನ್ನ ಅವನ ಒಪ್ಪಿಗೆಯಿಲ್ಲದೆ ಬಲದಿಂದ ತೆಗೆದುಕೊಳ್ಳೋದು ಅಂದ ಫ್ರೇಜಿಯರ್. ಸ್ವಾತಂತ್ರ್ಯ ಅಂದರೇನು? ನಮ್ಮ ದುಡಿಮೆಯ ಫಲ ನಾವೇ ಉಣ್ಣೋ ಜಾಗದಲ್ಲಿ ನಮ್ಮನ್ನ ನಿಲ್ಲಿಸೋದು. ಅರ್ಥಶಾಸ್ತ್ರದ ದಪ್ಪ ಪುಸ್ತಕ ಓದಿದವನಲ್ಲ ಆ ಮನುಷ್ಯ. ಮುಂದಿನ ಪ್ರಶ್ನೆ: ನಿಮ್ಮನ್ನ ನೀವು ಹೇಗೆ ನೋಡಿಕೊಳ್ತೀರಿ? ನೆಲ ಬೇಕು, ಅದನ್ನ ನಮ್ಮ ಕೈಯಿಂದ ನಾವೇ ಉಳ್ತೇವೆ ಅಂದ. ಪುಕ್ಕಟೆಯಾಗಿ ಕೊಡಿ ಅಂತ ಕೇಳಲಿಲ್ಲ, ಕೊಂಡುಕೊಳ್ಳೋ ಶಕ್ತಿ ಬರೋವರೆಗೆ ನೆಲದ ಮೇಲೆ ನಿಲ್ಲಿಸಿ, ಕೊಂಡು ನಮ್ಮದೇ ಮಾಡಿಕೊಳ್ತೇವೆ ಅಂದ. ಮೀಸಲಾತಿ ಅಂದ ಕೂಡಲೆ ಭಿಕ್ಷೆ ಅನ್ನೋ ಕ್ಲಾಸ್‌ಮೇಟುಗಳಿಗೆ ಈ ಮಾತನ್ನ ಓದಿ ಹೇಳಿ.

ಇನ್ನೊಂದು ಪ್ರಶ್ನೆ ನಮ್ಮ ಎದೆಗೇ ಬಂದು ತಾಗುತ್ತೆ. ಬಿಳಿಯರ ನಡುವೆ ಇರ್ತೀರೋ, ನಿಮ್ಮದೇ ಬೇರೆ ಊರು ಮಾಡಿಕೊಂಡು ಇರ್ತೀರೋ? ನಾವೇ ಬೇರೆ ಇರ್ತೇವೆ ಅಂದ ಫ್ರೇಜಿಯರ್. ನಮ್ಮ ಮೇಲಿನ ಹಗೆ ಇವರ ಮನಸ್ಸಿಂದ ಹೋಗೋಕೆ ವರ್ಷಾನುಗಟ್ಟಲೆ ಬೇಕು. ಜೇಮ್ಸ್ ಲಿಂಚ್ ಎಂಬ 26 ವರ್ಷದ ತರುಣ ಮಾತ್ರ ಒಪ್ಪಲಿಲ್ಲ, ಒಟ್ಟಿಗೇ ಬದುಕಬೇಕು ಅಂದ. ಉಳಿದ ಎಲ್ಲರೂ ಹಿರಿಯನ ಕಡೆ. ನಮ್ಮಲ್ಲಿ 1942ರ ಜುಲೈನಲ್ಲಿ ನಾಗಪುರದ ಅಧಿವೇಶನದಲ್ಲಿ ಪರಿಶಿಷ್ಟ ಜಾತಿಗಳಿಗೆ ಪ್ರತ್ಯೇಕ ಗ್ರಾಮಗಳು ಬೇಕು ಅಂತ ನಿರ್ಣಯವಾದದ್ದನ್ನ, ಅದರ ಹಿಂದೆ ಬಾಬಾಸಾಹೇಬರು ಇದ್ದದ್ದನ್ನ ನಮ್ಮ ಹುಡುಗರು ಓದಿರ್ತಾರೆ. ಹಟ್ಟಿಯನ್ನ ಊರ ಹೊರಗೆ ತಳ್ಳೋದು ಬೇರೆ, ಸ್ವಂತ ನೆಲದ ಮೇಲೆ ಸ್ವಂತ ಊರು ಕಟ್ಟೋದು ಬೇರೆ. ಲಿಂಚ್ ಹೇಳಿದ್ದು ಸರಿಯೋ ಫ್ರೇಜಿಯರ್ ಹೇಳಿದ್ದು ಸರಿಯೋ ಅನ್ನೋದನ್ನ ಹಾಸ್ಟೆಲಿನ ಊಟದ ಹಾಲಿನಲ್ಲಿ ಕೂತು ಜಗಳವಾಡಿ. ನಮ್ಮ ಓಟು ಮುದುಕನಿಗೆ.

ಕೊನೆಗೆ ಮಂತ್ರಿ ಶೆರ್ಮನ್ನನ್ನ ಹೊರಗೆ ಕಳಿಸಿ, ಈ ಜನರಲ್ ಬಗ್ಗೆ ನಿಮ್ಮ ಅಭಿಪ್ರಾಯವೇನು ಅಂತ ಕೇಳಿದ. ನಮ್ಮನ್ನ ಗೌರವದಿಂದ ಕಂಡಿದ್ದಾನೆ, ನಂಬಿಕೆಯಿದೆ ಅಂದರು ಅವರು. ಹೊರಗೆ ನಿಂತವನಿಗೆ ಅದೇ ದೊಡ್ಡ ಅವಮಾನವಾಗಿ ಕಂಡಿತು. ಲಕ್ಷ ಸೈನಿಕರನ್ನ ನಡೆಸಿದ ತನ್ನ ನಡತೆಯ ಬಗ್ಗೆ ಇವರನ್ನ ಕೇಳೋದಾ ಅಂತ, ಹತ್ತು ವರ್ಷದ ಮೇಲೆ 1875ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲೂ ಗೊಣಗಿದ್ದಾನೆ.

ನಾಲ್ಕು ದಿನ ಕಳೆದು ಜನವರಿ 16ಕ್ಕೆ ವಿಶೇಷ ಆದೇಶ ಸಂಖ್ಯೆ 15 ಹೊರಬಿತ್ತು. ಚಾರ್ಲ್ಸ್‌ಟನ್ನಿನಿಂದ ದಕ್ಷಿಣಕ್ಕಿರೋ ಕಡಲ ದ್ವೀಪಗಳು, ಸಮುದ್ರದಿಂದ ಮೂವತ್ತು ಮೈಲಿ ಒಳಗಿನವರೆಗೆ ನದಿಯ ದಂಡೆಗಳಲ್ಲಿ ಧಣಿಗಳು ಬಿಟ್ಟು ಓಡಿದ ಭತ್ತದ ಗದ್ದೆಗಳು, ಫ್ಲೋರಿಡಾದ ಸೇಂಟ್ ಜಾನ್ಸ್ ನದಿಯ ಸುತ್ತಿನ ನೆಲ ಎಲ್ಲವೂ ಬಿಡುಗಡೆಯಾದ ಕಪ್ಪು ಜನಕ್ಕೆ ಮೀಸಲು. ಒಂದೊಂದು ಸಂಸಾರಕ್ಕೆ ನಲವತ್ತು ಎಕರೆಗೆ ಮೀರದ ಉಳುವ ನೆಲ. ಸೈನ್ಯದ ಕೆಲಸದವರನ್ನ ಬಿಟ್ಟು ಯಾವ ಬಿಳಿಯನೂ ಅಲ್ಲಿ ವಾಸ ಮಾಡೋ ಹಾಗಿಲ್ಲ. ಹಂಚೋ ಕೆಲಸ ಜನರಲ್ ಸ್ಯಾಕ್ಸ್‌ಟನ್ನನಿಗೆ. ನಲವತ್ತು ಎಕರೆ ಮತ್ತೊಂದು ಹೇಸರಗತ್ತೆ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ಆದೇಶದಲ್ಲಿ ಕತ್ತೆಯ ಮಾತಿಲ್ಲ, ಸೈನ್ಯಕ್ಕೆ ಬೇಡವಾದ ಪ್ರಾಣಿಗಳನ್ನ ಆಮೇಲೆ ಕೊಟ್ಟರು. ಆ ವರ್ಷದ ಜೂನ್ ಹೊತ್ತಿಗೆ ನಲವತ್ತು ಸಾವಿರ ಜನ ನಾಲ್ಕು ಲಕ್ಷ ಎಕರೆಯ ಮೇಲೆ ನೆಲೆಯೂರಿದ್ದರು. ತಲೆಗೆ ಹತ್ತು ಎಕರೆ. ಯಾವ ನೆಲದಲ್ಲಿ ಬೆನ್ನು ಸುಲಿಸಿಕೊಂಡಿದ್ದರೋ ಅದೇ ನೆಲದಲ್ಲಿ ತಮಗಾಗಿ ಬಿತ್ತಿದರು.

ಇಲ್ಲೇ ಸ್ವಲ್ಪ ನಿಲ್ಲಬೇಕು. ಶೆರ್ಮನ್ ಈ ಆದೇಶ ಯಾಕೆ ಬರೆದ? ಕಪ್ಪು ಜನರ ಮೇಲಿನ ಪ್ರೀತಿಯಿಂದಲ್ಲ. ಸೈನ್ಯದ ಹಿಂದೆ ಬರೋ ಸಾಲನ್ನ ಎಲ್ಲಾದರೂ ಇಳಿಸಿ, ಹಗುರಾಗಿ ಉತ್ತರಕ್ಕೆ ನಡೀಬೇಕಿತ್ತು ಅವನಿಗೆ. ಮಂತ್ರಿಯ ಬಾಯನ್ನೂ ಮುಚ್ಚಿಸಬೇಕಿತ್ತು. ಅದಕ್ಕೇ ಚೀಟಿಯ ಮಾತನ್ನ ಹುಷಾರಾಗಿ ಇಟ್ಟ: ಕೊಟ್ಟದ್ದು ಸ್ವಾಧೀನ, ಮಾಲೀಕತ್ವವಲ್ಲ. ಶಾಸನಸಭೆ ಇತ್ಯರ್ಥ ಮಾಡೋವರೆಗೆ ಸೈನ್ಯ ಕಾಯುತ್ತೆ, ಅಷ್ಟೇ. ಉಳೋಕೆ ನೆಲ ಇದೆ, ಪಹಣಿಯಲ್ಲಿ ಹೆಸರಿಲ್ಲ ಅನ್ನೋ ಸ್ಥಿತಿ ನಮ್ಮ ಕೇರಿಗಳಿಗೆ ಹೊಸದಲ್ಲ. ಮಂಜೂರಾಗಿ ಹೆಸರು ಬಂದ ಮೇಲೂ ಒಂದು ಮದುವೆ ಸಾಲಕ್ಕೆ, ಒಂದು ಬಾಟಲಿಗೆ ಅದು ಊರಗೌಡರ ಪಾಲಾಗಿದ್ದರಿಂದ ತಾನೇ 1978ರಲ್ಲಿ ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಮಾಡಬೇಕಾಗಿ ಬಂದದ್ದು?

ಏಪ್ರಿಲ್ 15ರಂದು ಲಿಂಕನ್ ಸತ್ತ. ಅದೇ ವಾರ ಉತ್ತರ ಕೆರೊಲಿನಾದಲ್ಲಿ ಶೆರ್ಮನ್ ದಕ್ಷಿಣದ ಜನರಲ್ ಜಾನ್‌ಸ್ಟನ್ ಜೊತೆ ಕೂತು ಒಪ್ಪಂದ ಬರೆದ. ದಂಗೆಯೆದ್ದ ರಾಜ್ಯ ಸರ್ಕಾರಗಳನ್ನೇ ಒಪ್ಪಿಕೊಳ್ಳೋದು, ದಕ್ಷಿಣದವರ ಆಸ್ತಿಯ ಹಕ್ಕು ಕಾಪಾಡೋದು ಅಂತ ಅದರಲ್ಲಿತ್ತು. ಜನವರಿಯಲ್ಲಿ ಗದ್ದೆ ಹಂಚಿದ ಕೈ ಏಪ್ರಿಲ್‌ನಲ್ಲಿ ಧಣಿಗಳ ಆಸ್ತಿಗೆ ಕಾವಲು ಬರೀತು. ವಾಷಿಂಗ್ಟನ್ ಆ ಕಾಗದವನ್ನ ವಾಪಸ್ ಎಸೆಯಿತು. 26ಕ್ಕೆ ಬರೀ ಶರಣಾಗತಿಯ ಕಾಗದಕ್ಕೆ ಸಹಿ ಬಿತ್ತು. ಆದರೆ ಲಿಂಕನ್ ಜಾಗದಲ್ಲಿ ಕೂತ ಆಂಡ್ರ್ಯೂ ಜಾನ್ಸನ್ ಮೇ ತಿಂಗಳಲ್ಲೇ ಧಣಿಗಳಿಗೆ ಕ್ಷಮಾದಾನ ಶುರುಮಾಡಿದ. ಕ್ಷಮೆ ಸಿಕ್ಕವನಿಗೆ ನೆಲವೂ ವಾಪಸ್.

ಸುದ್ದಿ ಹೇಳೋ ಪಾಪದ ಕೆಲಸ ಜನರಲ್ ಹೊವರ್ಡ್ ಪಾಲಿಗೆ ಬಂತು. ಬಿಡುಗಡೆಯಾದವರ ಇಲಾಖೆಯ ಮುಖ್ಯಸ್ಥ ಅವನು. 1865ರ ಅಕ್ಟೋಬರ್‌ನಲ್ಲಿ ಎಡಿಸ್ಟೋ ದ್ವೀಪದ ಚರ್ಚಿನಲ್ಲಿ ಜನ ಕಿಕ್ಕಿರಿದು ಸೇರಿದ್ದರು. ನೆಲ ಬಿಡಬೇಕು ಅಂದ ಕೂಡಲೆ ಎದ್ದ ಗದ್ದಲವನ್ನ ಹೊವರ್ಡ್‌ಗೆ ನಿಲ್ಲಿಸೋಕೆ ಆಗಲಿಲ್ಲ. ಆಗ ಒಬ್ಬ ಹೆಣ್ಣುಮಗಳು ದುಃಖದ ಹಾಡೊಂದನ್ನ ಎತ್ತಿದಳು, ಇಡೀ ಚರ್ಚು ಅದಕ್ಕೆ ದನಿ ಕೂಡಿಸಿತು. ಒಂದು ಕೈ ಕಳಕೊಂಡಿದ್ದ ಆ ಜನರಲ್ ಸುಮ್ಮನೆ ನಿಂತಿದ್ದ. ಆಮೇಲೆ ಅಲ್ಲಿನ ಮೂವರ ಸಮಿತಿ ಕಾಗದ ಬರೀತು. ಧಣಿಗಳನ್ನ ಕ್ಷಮಿಸಿ ಅಂತೀರಿ; ನನ್ನನ್ನ ಮರಕ್ಕೆ ಕಟ್ಟಿ ಮೂವತ್ತೊಂಬತ್ತು ಏಟು ಹಾಕಿದವನನ್ನ, ನನ್ನ ತಾಯಿಯನ್ನ ತಂಗಿಯನ್ನ ಬೆತ್ತಲೆ ಮಾಡಿ ಹೊಡೆದವನನ್ನ, ಅವನ ಶರತ್ತಿಗೆ ಒಪ್ಪದಿದ್ದರೆ ಖಾಲಿ ಗುಡಿಸಲಲ್ಲೂ ಇರಬೇಡ ಅನ್ನೋನನ್ನ ಹೇಗೆ ಕ್ಷಮಿಸಲಿ ಅನ್ನೋದು ಅದರ ತಿರುಳು. ನೆಲ ಬಿಡಿಸೋಕೆ ಒಪ್ಪದ ಸ್ಯಾಕ್ಸ್‌ಟನ್ನನನ್ನ 1866ರ ಜನವರಿಯಲ್ಲಿ ಕೆಲಸದಿಂದ ತೆಗೆದರು. ಮರುತಿಂಗಳು ಅಧ್ಯಕ್ಷ ಜಾನ್ಸನ್ನನಿಗೆ ಶೆರ್ಮನ್ನನೇ ಬರೆದ: ಆ ಆದೇಶ ಯುದ್ಧಕಾಲದ ತಾತ್ಕಾಲಿಕ ಏರ್ಪಾಡು, ಶಾಶ್ವತ ಹಕ್ಕು ಕೊಡೋ ಉದ್ದೇಶ ನನಗಿರಲಿಲ್ಲ. ಚೀಟಿ ಕೊಟ್ಟವನ ಸಾಕ್ಷಿಯೇ ಧಣಿಗಳ ಕಡೆಗಾಯ್ತು.

ಅವನ ಮುಂದಿನ ಜೀವನವೆಲ್ಲ ಹೂಮಾಲೆ. 1869ರಿಂದ 1883ರವರೆಗೆ ಇಡೀ ಅಮೆರಿಕದ ಸೈನ್ಯಕ್ಕೆ ಮುಖ್ಯಸ್ಥ. ಮಾಡಿದ ಮುಖ್ಯ ಕೆಲಸ ಪಶ್ಚಿಮದ ಬಯಲಿನ ಮೂಲನಿವಾಸಿಗಳನ್ನ ಮಟ್ಟಹಾಕಿ ರೈಲಿಗೆ ದಾರಿ ಮಾಡಿದ್ದು. 1866ರ ಡಿಸೆಂಬರ್‌ನಲ್ಲಿ ಲಕೋಟ ಮತ್ತು ಅವರ ಜೊತೆಯ ಬುಡಕಟ್ಟುಗಳು ಸೈನ್ಯದ ಒಂದು ತುಕಡಿಯನ್ನ ಕೊಂದಾಗ, ಗಂಡಸು ಹೆಂಗಸು ಮಕ್ಕಳು ಅನ್ನದೆ ನಿರ್ನಾಮ ಮಾಡೋವರೆಗೂ ಸೇಡು ತೀರಿಸಬೇಕು ಅಂತ ಗ್ರಾಂಟ್‌ಗೆ ಬರೆದವನು ಇವನೇ. ಹೆಸರು ಟೆಕಮ್ಸೆ! 1891ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಸತ್ತ. ಶವಯಾತ್ರೆಯಲ್ಲಿ ಹಳೆಯ ಶತ್ರು ಜಾನ್‌ಸ್ಟನ್, ಎಂಬತ್ತು ದಾಟಿದ ಮುದುಕ, ಚಳಿಯಲ್ಲಿ ಟೋಪಿ ತೆಗೆದು ನಿಂತು ಶೀತ ಹತ್ತಿ ಮುಂದಿನ ತಿಂಗಳು ತಾನೂ ಸತ್ತ. ಬಿಳಿಯರ ಇತಿಹಾಸಕಾರರು ಈ ಸಂಗತಿಯನ್ನ ಕಣ್ಣೀರು ಹಾಕಿ ಬರೀತಾರೆ. ಎರಡೂ ಕಡೆಯ ಧಣಿಗಳು ಹೀಗೆ ತಬ್ಬಿಕೊಂಡದ್ದು ಎಡಿಸ್ಟೋ ಜನರ ನೆಲದ ಮೇಲೆ ನಿಂತು ಅನ್ನೋದನ್ನ ಬರೆಯೋಕೆ 1935ರಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ಎಂಬ ಕಪ್ಪು ವಿದ್ವಾಂಸನೇ ಬರಬೇಕಾಯ್ತು.

ಪುಣೆಯಲ್ಲಿ ಕೂತ ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನ ಅಮೆರಿಕದ ಗುಲಾಮರನ್ನ ಬಿಡಿಸಿದ ಜನರಿಗೆ ಅರ್ಪಿಸಿದರು. ಅದು ಸರಿಯಾದ ಅರ್ಪಣೆ. ಹರಾಜು ಕಟ್ಟೆ ಹೋದದ್ದು ಸಣ್ಣ ಮಾತಲ್ಲ, ಅದು ಹೋಗೋಕೆ ಶೆರ್ಮನ್ನನ ಬೆಂಕಿಯೂ ಬೇಕಾಗಿತ್ತು. ಬಾಬಾಸಾಹೇಬರು 1913ರಲ್ಲಿ ಓದಲು ಹೋದ ನ್ಯೂಯಾರ್ಕಿನಲ್ಲಿ ಶೆರ್ಮನ್ನನ ಚಿನ್ನದ ಮುಲಾಮಿನ ಕುದುರೆ ಪ್ರತಿಮೆ ಹತ್ತು ವರ್ಷದ ಹಿಂದೆಯೇ ಎದ್ದು ನಿಂತಿತ್ತು. ಆದರೆ 1946ರಲ್ಲಿ ಅವರು ಕಾಗದ ಬರೆದದ್ದು ಡು ಬಾಯ್ಸ್‌ಗೆ: ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಬಹಳ ಹೋಲಿಕೆಯಿದೆ, ನೀವು ವಿಶ್ವಸಂಸ್ಥೆಗೆ ಕೊಡೋ ಅರ್ಜಿಯ ಪ್ರತಿ ಬೇಕು ಅಂತ.

ಶೆರ್ಮನ್ ಮೇಲೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಗ್ಯಾರಿಸನ್ ಫ್ರೇಜಿಯರನ ಮಾತು ಉಳಿದಿರೋದು ಆ ರಾತ್ರಿ ಗುಮಾಸ್ತ ಬರೆದುಕೊಂಡ ಕೆಲವೇ ಪುಟಗಳಲ್ಲಿ. 1865ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ 'ಟ್ರಿಬ್ಯೂನ್' ಪತ್ರಿಕೆ ಅದನ್ನ ಅಚ್ಚು ಹಾಕಿತ್ತು. ಇಂಗ್ಲಿಷ್ ಸರಳವಾಗಿದೆ, ಪಿ.ಯು.ಸಿ. ಓದಿದವನಿಗೂ ನಿಘಂಟು ಇಟ್ಟುಕೊಂಡರೆ ತಿಳಿಯುತ್ತೆ. ಅದನ್ನ ಕನ್ನಡಕ್ಕೆ ತಂದು ಮುಂದಿನ ಸಭೆಗೆ ಮೊದಲು ನಮ್ಮ ಕೈಗೆ ಕೊಡುವವರು ಯಾರು? ಸ್ಟೆನ್ಸಿಲ್ ಖರ್ಚು ನಮ್ಮದು.